ಸಗಣಿ ಬಳಿದ ಜೀಪು

ಪಂಢರಿನಾಥ ಮಾಸ್ತರರು ರಹಿಮಾನಸಾಬನನ್ನು ಮೊದಲ ಸಲ ಕಂಡದ್ದು, ಅವನು ಸರಕಾರಿ ಜೀಪಿಗೆ ಸಗಣಿ ಬಳಿಯುತ್ತಿದ್ದಾಗ. ತುರ್ತು ಪರಿಸ್ಥಿತಿಯ ಕಾಲ. ಯರಗುಪ್ಪಿಯ ಎರೆಹೊಲಗಳಲ್ಲಿ ಹಿಂಗಾರಿ ಜೋಳ ಆಳೆತ್ತರ ಬೆಳೆದು ನಿಂತಿತ್ತು. ಶಾಲೆಯ ಹಿಂದೆ ಏನೋ ಸದ್ದಾಯಿತೆಂದು ಮಾಸ್ತರರು ಹೋಗಿ ನೋಡಿದರೆ, ಖಾಕಿ ತೊಟ್ಟ ಮನುಷ್ಯನೊಬ್ಬ ಜೀಪಿನ ಮಗ್ಗುಲಿಗಿದ್ದ ಕುಟುಂಬ ಯೋಜನೆಯ ಕೆಂಪು ತ್ರಿಕೋನವನ್ನು, ಹೆಂಗಸರು ಹಬ್ಬದ ದಿನ ಅಂಗಳ ಸಾರಿಸುವಷ್ಟು ಶ್ರದ್ಧೆಯಿಂದ ಸಾರಿಸುತ್ತಿದ್ದ.

“ಏನ್ರಿ ಇದು, ಸರಕಾರದ ಗಾಡಿಗೆ?”

“ಈ ಕೆಂಪ ಮೂಲಿ ಕಂಡ್ರ ಊರಾಗ ಒಬ್ಬ ಗಂಡಸರ ನಿಲ್ಲತಾನೇನ್ರಿ, ಮಾಸ್ತರ? ನನಗ ಇವತ್ತ ಗಂಡಸ್ರು ಬೇಕಾಗ್ಯಾರ.”

“ನಿಮಗಷ್ಟ ಅಲ್ಲ, ನಮಗೂ ಬೇಕಾಗ್ಯಾರ. ಆಪರೇಶನ್ನಿಗೆ ಮಂದೀನ್ನ ಕರಕೊಂಡ ಬರ್ರಿ ಅಂತ ಮಾಸ್ತರ ಮಂದಿಗೂ ಹುಕುಂ ಬಂದದ.”

“ಆಪರೇಶನ್ನಿಗೆ ಅಲ್ಲರಿ. ಹೊರಸು ಹೊರಾಕ.”

ರಹಿಮಾನಸಾಬ ಆ ಭಾಗದ ಆರೋಗ್ಯ ಕೇಂದ್ರದ ಡ್ರೈವರ. ಕುಟುಂಬ ಯೋಜನೆಯ ಶಿಬಿರಕ್ಕೆ ಹಳ್ಳಿಗಳಿಂದ ಗಂಡಸರನ್ನು ತುಂಬಿಕೊಂಡು ಬರುವುದು ಅವನ ಕೆಲಸ. ಹೆರಿಗೆಯ ಹೆಂಗಸರನ್ನು ಹುಬ್ಬಳ್ಳಿಗೆ ಒಯ್ಯಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಒಯ್ಯಬಾರದೆಂದು ಮಾತ್ರ ಮೇಲಿಂದ ಮೇಲೆ ಹೇಳಿದ್ದರು. ಆದರೂ ಹಾವು ಕಚ್ಚಿದವರು, ಬಾವಿಗೆ ಬಿದ್ದವರು, ದಿನ ತುಂಬಿದ ಬಸುರಿಯರು, ಹೀಗೆ ಹಾದಿಯಲ್ಲಿ ಯಾರ ಮನೆಯವರು ಕೈ ಮಾಡಿದರೂ ಅವನ ಕಾಲು ಬ್ರೇಕಿನ ಮೇಲೆ ಹೋಗುತ್ತಿತ್ತು. ಅವರು ಯಾವ ಊರಿನವರು, ಯಾವ ಜಾತಿಯವರು ಎಂದು ಹುಬ್ಬಳ್ಳಿ ಮುಟ್ಟುವ ತನಕವೂ ಕೇಳುತ್ತಿರಲಿಲ್ಲ.

ಆ ದಿನ ಅವನನ್ನು ತಡೆದವಳು ಊರಿನ ಸೂಲಗಿತ್ತಿ ಮರಿಯಮಬಿ. ಹೊಳೆಪ್ಪನ ಹೆಂಡತಿ ನೀಲಕ್ಕನ ಹೊಟ್ಟೆಯಲ್ಲಿ ಕೂಸು ಅಡ್ಡ ತಿರುಗಿದೆ, ದೊಡ್ಡ ದವಾಖಾನೆ ಮುಟ್ಟದಿದ್ದರೆ ತಾಯಿಯೂ ಉಳಿಯುವುದಿಲ್ಲ ಎಂದಳು. ಹೊಳೆಪ್ಪನ ಓಣಿಯಲ್ಲಿ ಜೀಪು ಹಿಡಿಸುತ್ತಿರಲಿಲ್ಲ. ನೀಲಕ್ಕನನ್ನು ಹೊರಸಿನ ಮೇಲೆ ಮಲಗಿಸಿ ಹೊತ್ತು ತರಬೇಕು. ಹೊರಲು ಊರಲ್ಲಿ ಗಂಡಸರೇ ಇಲ್ಲ! ಜೀಪಿನ ಸುಳಿವು ಸಿಕ್ಕಿದೊಡನೆ ಎಲ್ಲರೂ ಜೋಳದ ಹೊಲ ಹೊಕ್ಕಿದ್ದರು. ಎಲ್ಲರಿಗಿಂತ ಮುಂದೆ ಓಡಿದವನು ಹೊಳೆಪ್ಪನೇ. ಅದಕ್ಕೇ ಈ ಸಗಣಿಯ ಉಪಾಯ.

“ಸಗಣಿ ಬಳದ್ರ ಸಪ್ಪಳ ಎಲ್ಲಿ ಹೋಗತದರಿ?” ಎಂದರು ಮಾಸ್ತರರು. ಆ ಜೀಪಿನ ಒಡಕು ಸೈಲೆನ್ಸರಿನ ಗುಡುಗು ಸುತ್ತಲಿನ ಹಳ್ಳಿಯ ಕೂಸುಗಳಿಗೂ ಗೊತ್ತಿತ್ತು.

ರಹಿಮಾನಸಾಬ ಕೈ ನೋಡಿಕೊಂಡ, ಜೀಪು ನೋಡಿದ. “ಇದು ಹೊಳೀಲೇ ಇಲ್ಲ ನೋಡ್ರಿ,” ಎಂದ.

ಇಬ್ಬರೂ ಹೊಲದ ಬದುವಿಗೆ ಓಡಿದರು.

“ಏ ಹೊಳೆಪ್ಪಾ! ನಿನ್ನ ಹೇಣ್ತಿ ಸಾಯಾಕತ್ತಾಳ, ಹೊರಗ ಬಾರೋ!” ಎಂದು ರಹಿಮಾನಸಾಬ ಕೂಗಿದ.

ಜೋಳದೊಳಗಿಂದ ದನಿ ಬಂತು: “ಹ್ವಾದ ವಾರ ಸಕ್ಕರಿ ಕೊಡತೇವಿ ಅಂತ ಶಂಭುಲಿಂಗಪ್ಪನ್ನ ಕರದ ಒಯ್ದ್ರಿ. ಕೊಯ್ದ ಕಳಿಸಿದ್ರಿ. ಇವತ್ತ ಹೆರಿಗಿ ಅಂತೀರೇನ?”

ತಾವು ಹೇಳಿದರೆ ನಂಬಿಯಾರೆಂದು ಮಾಸ್ತರರು ಗಂಟಲು ಸರಿಪಡಿಸಿಕೊಂಡರು. “ಹೊಳೆಪ್ಪಾ, ನಾನು ಮಾಸ್ತರ ಹೇಳಲಿಕ್ಕತ್ತೀನಿ. ಖರೇನ ಅದನೋ!”

ಜೋಳದೊಳಗಿಂದ ಇನ್ನೊಂದು ದನಿ ಬಂತು: “ಮಾಸ್ತರನೂ ಅವರ ಕೂಡ ಸೇರ್ಯಾನಲೇ! ಇನ್ನೊಂದೀಟ ಒಳಗ ಸರೀರಿ!” ಜೋಳದ ತೆನೆಗಳು ಸಾಲಾಗಿ ಅಲುಗುತ್ತ ದೂರ ಹೋದವು. ವರ್ಷಗಟ್ಟಲೆ ಆ ಊರಿಗೆ ಸತ್ಯದ ಮಹಿಮೆಯನ್ನು ಬೋಧಿಸಿದ ಮಾಸ್ತರರು ರಹಿಮಾನಸಾಬನ ಹಿಂದೆ ಹೊಳೆಪ್ಪನ ಓಣಿಗೆ ಮರಳಿದರು.

ಹೊರಸಿನ ಒಂದು ಕಾಲು ರಹಿಮಾನಸಾಬ ಹಿಡಿದ, ಇನ್ನೊಂದು ಮಾಸ್ತರರು. ಹಿಂದಿನವೆರಡನ್ನು ಮರಿಯಮಬಿಯೂ ನೀಲಕ್ಕನ ಅತ್ತೆ ಸಾವಿತ್ರೆವ್ವನೂ ಹಿಡಿದರು. ಓಣಿಯ ನಡುವೆ ಬೇನೆ ತುಸು ಬಿಟ್ಟಾಗ ನೀಲಕ್ಕ ಕಣ್ಣು ತೆರೆದಳು.

“ಆ ಭಾಡ್ಯಾ ಎಲ್ಲಿ ಅದಾನ?”

“ಜ್ವಾಳದಾಗ ಅದಾನವಾ,” ಎಂದಳು ಮರಿಯಮಬಿ.

“ಅಲ್ಲೇ ಇರಲಿ. ಕಾಳ ಕಟ್ಟಲಿ.”

ಮಗನನ್ನು ಬೈದರೆ ಸುಮ್ಮನಿರದ ಸಾವಿತ್ರೆವ್ವ ಅಂದು, “ಹೌದವಾ, ಹೌದು,” ಎಂದು ಏದುಸಿರು ಬಿಟ್ಟಳು.

ಬಿರುಕು ಬಿಟ್ಟ ಗಾಡಿದಾರಿಯಲ್ಲಿ ತುಂಬಿದ ಕೊಡ ಒಯ್ಯುವಂತೆಯೂ, ಡಾಂಬರ ಸಿಕ್ಕ ಮೇಲೆ ದೆವ್ವ ಹೊಕ್ಕವನಂತೆಯೂ ರಹಿಮಾನಸಾಬ ಜೀಪು ಓಡಿಸಿದ. ಮಾಸ್ತರರು ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡಿದ್ದರು. ಹುಬ್ಬಳ್ಳಿಯಲ್ಲಿ ಹೊಟ್ಟೆ ಕೊಯ್ದು ಕೂಸು ತೆಗೆದರು. ತಾಯಿ ಉಳಿದಳು. ಹೆಣ್ಣುಕೂಸೂ ಉಳಿಯಿತು.

ಖಾಲಿ ಜೀಪು ಆರೋಗ್ಯ ಕೇಂದ್ರಕ್ಕೆ ಮರಳಿದಾಗ ಡಾಕ್ಟರ ಸಾಹೇಬರು ಅಂಗಳದಲ್ಲೇ ನಿಂತಿದ್ದರು.

“ಗಂಡಸ್ರನ್ನ ತಾ ಅಂತ ಕಳಿಸಿದ್ರ ಗಾಡಿಗೆ ಸಗಣಿ ಹಚಿಗೊಂಡ ಬಂದೀಯಲ್ಲೋ! ಒಬ್ಬನರ ಸಿಕ್ಕಾನೋ ಇಲ್ಲೋ? ಮ್ಯಾಲಿನವ್ರಿಗೆ ನಾ ಏನ ಹೇಳಲಿ? ಮೊದಲ ನಿನ್ನ ನೌಕರಿ ಹೋಗತೈತಿ.”

ರಹಿಮಾನಸಾಬನಿಗೆ ಇಬ್ಬರು ಹೆಣ್ಣುಮಕ್ಕಳು. ಒಂದು ಗಂಡು ಬೇಕೆಂದು ಅವನೂ ಅವನ ಹೆಂಡತಿ ರಜಿಯಾಬಿಯೂ ದರ್ಗಾಕ್ಕೆ ಹರಕೆ ಹೊತ್ತಿದ್ದರು. ಅವನು ಕೈಯ ಸಗಣಿಯನ್ನು ಪ್ಯಾಂಟಿಗೆ ಒರೆಸಿಕೊಂಡು, “ಒಬ್ಬ ಸಿಕ್ಕಾನ್ರಿ ಸಾಹೇಬ್ರ. ನಾನ,” ಎಂದ.

ಮುಂದೆ ಕುಟುಂಬ ಯೋಜನೆಯ ಒಂದು ಸಮಾರಂಭದಲ್ಲಿ ದೊಡ್ಡ ಅಧಿಕಾರಿಗಳು ಅವನಿಗೆ ಹಾರ ಹಾಕಿದರು. ಇಂಥ ಆದರ್ಶ ನೌಕರನಿಂದ ಎಲ್ಲರೂ ಪಾಠ ಕಲಿಯಬೇಕೆಂದು ಬಹಳ ಹೊತ್ತು ಮಾತನಾಡಿದರು. ನೀಲಕ್ಕನ ಹೆಸರು ಅದರಲ್ಲಿ ಬರಲಿಲ್ಲ. ಮನೆಗೆ ತಂದ ಹಾರವನ್ನು ರಜಿಯಾಬಿ ಆಡಿನ ಮುಂದೆ ಹಾಕಿ, “ಮಂದಿ ಕೂಸ ತರಾಕ ಹೋಗಿ ನಮ್ಮನಿ ಬಾಗಲಾ ಮುಚ್ಚಿ ಬಂದ್ರಿ,” ಎಂದಳಂತೆ. ಇದನ್ನು ರಹಿಮಾನಸಾಬನೇ ಎಲ್ಲರಿಗೂ ಹೇಳಿ ನಗುತ್ತಿದ್ದ.

ಈಗ ಅವನು ನಿವೃತ್ತನಾಗಿ ಯರಗುಪ್ಪಿಯಲ್ಲೇ ನೆಲೆಸಿದ್ದಾನೆ. ಜೀಪಿಲ್ಲ, ಚಟ ಮಾತ್ರ ಹೋಗಿಲ್ಲ. ಯಾರಿಗಾದರೂ ಅಪಾಯವೆಂದರೆ ರಸ್ತೆಗೆ ಬಂದು ಸಿಕ್ಕ ಟೆಂಪೋ, ಸಿಕ್ಕ ಲಾರಿ ತಡೆಯುತ್ತಾನೆ. ಒಮ್ಮೆ ಮದುವೆಯ ದಿಬ್ಬಣವನ್ನೇ ಕೆಳಗಿಳಿಸಿ, ಮದುಮಗನನ್ನು ಬಿಸಿಲಲ್ಲಿ ನಿಲ್ಲಿಸಿ, ಆ ಗಾಡಿಯಲ್ಲಿ ಕುಬಿಹಾಳದ ಬಸುರಿಯನ್ನು ಕಳಿಸಿದ. ಅಂದಿನಿಂದ ಅವನ ಬಿಳಿಗಡ್ಡ ಕಂಡರೆ ಸಾಕು, ಡ್ರೈವರುಗಳು ಗಾಡಿ ತಿರುಗಿಸಿಕೊಂಡು ಹೊಲದ ದಾರಿ ಹಿಡಿಯುತ್ತಾರೆ.

ಹೀಗಾಗಿ ಈಗ ರಸ್ತೆಯ ನಡುವೆ ನಿಂತು ಕೈ ಮಾಡುವವನು ಹೊಳೆಪ್ಪ. ಗಾಡಿ ನಿಲ್ಲುವ ತನಕ ರಹಿಮಾನಸಾಬ ಬಾಜುವಿನ ಜೋಳದಲ್ಲಿ ಅಡಗಿ ಕೂತಿರುತ್ತಾನೆ.

“ಇನ್ನೊಂದೀಟ ಒಳಗ ಸರಿ, ಸಾಬಣ್ಣಾ,” ಎನ್ನುತ್ತಾನೆ ಹೊಳೆಪ್ಪ. “ಗಡ್ಡ ಕಾಣತೈತಿ.”