ಇಳಿಸಿ ಹೇಳದ ಅಂದಾಜು

ಲಿಂಬೆ ಗಿಡ ನೋಡಿ ಫಸಲು ಹೇಳುವುದು ನನ್ನ ಕಸುಬು. ಅಫಜಲಪುರದ ಸಂತೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತವಳು, ಈಗ ಮಣ್ಣೂರಿನಿಂದ ಸೊನ್ನದವರೆಗೆ ಹೊಳೆದಂಡೆಯ ತೋಟಗಳನ್ನು ಮಿಡಿಗಾಯಿ ಇದ್ದಾಗಲೇ ಗುತ್ತಿಗೆ ಹಿಡಿಯುತ್ತೇನೆ. ಈ ವ್ಯಾಪಾರಕ್ಕೆ ಇಳಿಯುವವರಿಗೆ ನನ್ನದೊಂದು ಕಿವಿಮಾತು: ಕಣ್ಣಿಗೆ ಎಷ್ಟು ಕಂಡಿತೋ ಅಷ್ಟನ್ನೂ ಬಾಯಿ ಬಿಟ್ಟು ಹೇಳಬೇಡಿ. ಇಳಿಸಿ ಹೇಳಿ. ಆಮೇಲೆ ಹೆಚ್ಚು ಬಂದರೆ ಯಾರಿಗೆ ಬೇಜಾರು?

ಹೋದ ಎಳ್ಳ ಅಮಾವಾಸ್ಯೆಗೆ ಆಳಂದದ ಅಕ್ಕನ ಜೊತೆ ಬಂದಿದ್ದ ಅವಳ ಮಗಳಿಗೂ ಇದನ್ನೇ ಹೇಳಲು ಹೋದೆ.

ಹುಡುಗಿ ದೂರದ ಪ್ರಯೋಗಾಲಯವೊಂದರಲ್ಲಿ ಕೆಲಸಕ್ಕಿದ್ದಾಳೆ, ರಜೆಗೆ ಊರಿಗೆ ಬಂದಿದ್ದಳು. ಅಲ್ಲಿ ಉಂಗುರದಂಥ ದೊಡ್ಡ ಪಾತ್ರೆಯೊಳಗೆ ಅನಿಲವನ್ನು ಸೂರ್ಯನ ಒಡಲಿಗಿಂತ ಹೆಚ್ಚು ಕಾಯಿಸುತ್ತಾರಂತೆ. ಅಷ್ಟು ಕಾದದ್ದಕ್ಕೆ ಪ್ಲಾಸ್ಮಾ ಎನ್ನುತ್ತಾರೆ. ಯಾವ ಗೋಡೆಯೂ ತಾಳದ ಕಾವಾದ್ದರಿಂದ ಅಯಸ್ಕಾಂತದ ಬಲದಲ್ಲಿ ನಡುವೆಯೇ ತೇಲಿಸಿ ಹಿಡಿಯಬೇಕು. ಅದು ಎಷ್ಟು ಬಿಸಿಯೇರುತ್ತದೆ, ಆ ಬಿಸಿ ಎಷ್ಟು ನಿಲ್ಲುತ್ತದೆ ಎಂಬುದನ್ನು ಪ್ರಯೋಗಕ್ಕೆ ಮೊದಲೇ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಹೇಳುವುದು ಇವಳ ಕೆಲಸ. ನನ್ನದೇ ಕಸುಬು ಹಿಡಿದಿದ್ದಾಳೆಂದು ನನಗೆ ಭಾರೀ ಹಿಗ್ಗು.

ಆ ದಿನ ಮಧ್ಯಾಹ್ನ ಅಲ್ಲಿ ಪ್ರಯೋಗವಿತ್ತು. ಅದಕ್ಕೂ ಮೊದಲು ಇವಳು ತನ್ನ ಅಂದಾಜು ಕಳಿಸಬೇಕು, ಇಷ್ಟರಿಂದ ಇಷ್ಟರೊಳಗೆ ಎಂದು ಎರಡು ಗೆರೆ ಹಾಕಿ. ಫಲ ಆ ಗೆರೆಗಳ ನಡುವೆ ಬಿದ್ದರೆ ಮುಂದಿನ ಪ್ರಯೋಗಗಳನ್ನೆಲ್ಲ ಇವಳ ಲೆಕ್ಕದ ಮೇಲೆಯೇ ಹೂಡುತ್ತಾರೆ. ಹೊರಗೆ ಬಿದ್ದರೆ ವರ್ಷಗಟ್ಟಲೆ ಕಟ್ಟಿದ ಲೆಕ್ಕ ಮೂಲೆಗೆ. ನಾವು ಸಜ್ಜೆ ರೊಟ್ಟಿ ಬಡಿಯುತ್ತಿದ್ದೆವು, ಇವಳು ಒಲೆಯ ಪಕ್ಕ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. ಜೊತೆಯವರೆಲ್ಲ ಹೇಳಿದ್ದಕ್ಕಿಂತ ಇವಳ ಅಂದಾಜು ಮೇಲಿದೆ ಎಂದು ಕೇಳಿದ ಮೇಲೆ ನಾನು ಸುಮ್ಮನಿರಲಾರದೆ ಹೋದೆ.

"ಎರಡೂ ಗೆರಿ ಒಂಚೂರು ಇಳಸ ಬೇ. ಕಡಿಮಿ ಹೇಳಿದವರಿಗೆ ಯಾರೂ ಬೈಯಂಗಿಲ್ಲ."

"ಚಿಕ್ಕವ್ವ, ಪ್ಲಾಸ್ಮಾದ ಕೂಡ ಚೌಕಾಶಿ ನಡ್ಯಂಗಿಲ್ಲ. ಕಡಿಮಿ ಹೇಳಿದ್ರೂ ತಪ್ಪು ತಪ್ಪಽ."

ನಾನು ಬಿಡಲಿಲ್ಲ. ತೋಟದವರು ಯಾವಾಗಲೂ ನೀರುಂಡು ಕಾಯಿ ತುಂಬಿದ ಕಾಲುವೆ ಬದಿಯ ಗಿಡಗಳನ್ನೇ ತೋರಿಸುತ್ತಾರೆ, ಅಂಚನ್ನು ನಂಬಬೇಡ, ನಡುವಿಗೆ ನುಗ್ಗಿ ನೋಡು ಎಂದೆ. ಅವಳು ನಕ್ಕಳು. ಪ್ಲಾಸ್ಮಾದಲ್ಲಿ ಅಂಚೇ ಯಜಮಾನನಂತೆ. ಅಂಚಿನಲ್ಲಿ ಕಾವು ನಿಂತರೆ ತಾನೆ ನಡುವೆ ಏರುವುದು. ಆ ಅಂಚನ್ನು ಸರಿಯಾಗಿ ಲೆಕ್ಕಕ್ಕೆ ಹಿಡಿದದ್ದೇ ಇವಳ ಹೊಸ ಕೆಲಸ, ಅದಕ್ಕೇ ಅಂದಾಜು ಏರಿತ್ತು. ಚೂರೂ ಇಳಿಸದೆ ಕಳಿಸಿಬಿಟ್ಟಳು.

ಬುತ್ತಿ ಹೊತ್ತು ಮಣ್ಣೂರಿನ ನಮ್ಮ ಹೊಲಕ್ಕೆ ಹೋದೆವು. ಪಕ್ಕದ ಲಿಂಬೆ ತೋಟದ ಸಾಹೇಬರು ಪ್ರತಿ ಅಮಾವಾಸ್ಯೆಗೂ ನಮ್ಮ ಪಂಕ್ತಿಯಲ್ಲೇ ಊಟಕ್ಕೆ ಕೂಡುತ್ತಾರೆ. ಅವರ ತೋಟ ಗುತ್ತಿಗೆ ಹಿಡಿಯುವವಳೂ ನಾನೇ. ಅಕ್ಕ ಜೋಳದ ಸಾಲುಗಳಲ್ಲಿ ಭೂಮಿತಾಯಿಗೆ ಅನ್ನದ ಚರಗ ಚೆಲ್ಲುತ್ತ ನಡೆದಳು. ಹುಡುಗಿ ಮಾತ್ರ ನೆಟ್‌ವರ್ಕ್ ಸಿಗುವ ಬದುವಿನ ಮೇಲೆ ನಿಂತು ಫೋನು ನೋಡುತ್ತಿದ್ದಳು. ನಾವು ಊಟಕ್ಕೆ ಕೂತು ಎರಡು ಸಲ ಕೂಗಿದರೂ ಬರಲಿಲ್ಲ.

ಒಮ್ಮೆಲೇ ಬದುವಿನಿಂದ ಜಿಗಿದು ಓಡಿ ಬಂದಳು. ಫಲ ಗೆರೆಗಳ ಒಳಗೇ ಬಿದ್ದಿತ್ತು, ಅದೂ ಮೇಲಿನ ಗೆರೆಯ ಮಗ್ಗುಲಿಗೆ. ನನ್ನ ಮಾತು ಕೇಳಿ ಇಳಿಸಿದ್ದರೆ ಹೊರಗೇ ಬೀಳುತ್ತಿತ್ತು.

"ಅಂದ್ರ ನಿನ್ನ ಬೆಳಿ ಛಲೋ ಬಂತು ಅನ್ನು," ಎಂದ ಅಕ್ಕ, ಆ ಪ್ರಯೋಗಾಲಯ ಯಾವ ದಿಕ್ಕಿಗಿದೆ ಎಂದು ಕೇಳಿ, ಆ ಕಡೆಗೂ ಒಂದು ಹಿಡಿ ಚರಗ ಚೆಲ್ಲಿದಳು.

ಸಾಹೇಬರು ಕಾಳು-ಸೊಪ್ಪಿನ ಭಜ್ಜಿ ಉಣ್ಣುವುದನ್ನು ನಿಲ್ಲಿಸಿ ಎಲ್ಲವನ್ನೂ ಬಿಡಿಸಿ ಕೇಳಿಕೊಂಡರು. ನಾನು ಇಳಿಸಲು ಹೇಳಿದ್ದನ್ನು ಅಕ್ಕ ಬಿಡದೆ ಸೇರಿಸಿದಳು.

"ಅಕ್ಕಾ, ಇನ್ಮ್ಯಾಲೆ ನಮ್ಮ ತ್ವಾಟದ ಅಂದಾಜೂ ಈ ಬೇಟಿನಽ ಹೇಳ್ಲಿ ಬಿಡ್ರಿ," ಎಂದು ಸಾಹೇಬರು ನನ್ನ ಕಡೆ ತಿರುಗಿದರು. "ನಿಮ್ಮ ಬಾಯಾಗ ನಮ್ಮ ಗಿಡ ಯಾವಾಗೂ ಬಡವಽ ಇರ್ತಾವ."

ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ. ವ್ಯಾಪಾರದಲ್ಲಿ ಅದೂ ಬೇಕಾಗುತ್ತದೆ.

ಅಷ್ಟರಲ್ಲಿ ಅವಳ ಮೇಲಿನವರು ಫೋನು ಮಾಡಿ, ಮುಂದಿನ ಪ್ರಯೋಗದ ಲೆಕ್ಕಕ್ಕೆ ದೊಡ್ಡ ಕಂಪ್ಯೂಟರು ಎಷ್ಟು ಹೊತ್ತು ಬೇಕು ಎಂದು ಕೇಳಿದರು. ದುಪ್ಪಟ್ಟು ಕೇಳೆಂದು ನಾನು ಎರಡು ಬೆರಳು ಎತ್ತಿ ಸನ್ನೆ ಮಾಡಿದೆ. ಇವಳು ಬೇಕಾದಷ್ಟನ್ನೇ ಕೇಳಿದಳು, ಅವರು ಕೂಡಲೇ ಒಪ್ಪಿಬಿಟ್ಟರು. ಕೂಡಲೇ ಒಪ್ಪಿದರೆಂದರೆ ಇನ್ನೂ ಕೇಳಬಹುದಿತ್ತು ಎಂದೇ ಅರ್ಥ. ಹಾಗೆಂದು ಬಿಡಿಸಿ ಹೇಳತೊಡಗಿದೆ. ಅವಳು ಶೇಂಗಾ ಹೋಳಿಗೆ ಮುರಿದು, ಮಾತು ಮುಗಿಯುವ ಮೊದಲೇ ನನ್ನ ಬಾಯಿಗೆ ತುರುಕಿದಳು.