ಗಾಜಿನ ಕೋಣೆಯಲ್ಲಿ ಜೋರಮ್ಮನ ಕೈಮಾತು

ಜೋರಮ್ಮ ತನ್ನ ಅಡುಗೆಮನೆಯಲ್ಲಿ ಗುಟ್ಟು ಹೇಳಿದರೆ ಮೂರನೇ ಮನೆಯವರು "ಹೌದಾ!" ಅನ್ನುತ್ತಿದ್ದರು. ಗಂಟಲು ಅಂಥದ್ದು. ಹುಟ್ಟಿನಿಂದ ಬಂದದ್ದಲ್ಲ, ಬಟ್ಟೆ ಗಿರಣಿ ಕೊಟ್ಟದ್ದು. ಮಗ್ಗಗಳ ನಡುವೆ ದುಡಿದೂ ದುಡಿದೂ ಕಿವಿ ಮಂದವಾಗಿ, ದನಿ ದೊಡ್ಡದಾಗಿತ್ತು.

ಗಿರಣಿಯೊಳಗೆ ಮಾತ್ರ ಯಾರ ಗಂಟಲೂ ನಡೆಯದು. ಅಷ್ಟೂ ಮಗ್ಗ ಒಟ್ಟಿಗೆ ಬಡಿಯುವಾಗ ಪಕ್ಕದಲ್ಲಿ ಗುಡುಗಿದರೂ ಕೇಳಿಸುತ್ತಿರಲಿಲ್ಲ. ಅದಕ್ಕೇ ಅಲ್ಲಿ ಕೈಮಾತು. ಎರಡು ಬೆರಳು ಕೂಡಿಸಿ ಬಿಡಿಸಿದರೆ ಎಳೆ ಹರಿದಿದೆ ಅಂತ. ಇಲ್ಲದ ಮೀಸೆ ತಿರುವಿದರೆ ಮೇಸ್ತ್ರಿ ಬಂದ ಅಂತ. ಅಂಗೈಗೆ ಮುಷ್ಟಿ ಒತ್ತಿದರೆ ಖಾಯಂ ಕೆಲಸದವಳು, ಅಂಗೈ ಮಗುಚಿದರೆ ಬದಲಿಯವಳು. ಎಷ್ಟು ಒಗ್ಗಿಹೋಗಿತ್ತೆಂದರೆ, ಮನೆಯಲ್ಲೂ ಬಾಯಿ ಆಡಿದರೆ ಜತೆಗೆ ಕೈ ಆಡಿಯೇ ತೀರುತ್ತಿತ್ತು.

ಜೋರಮ್ಮ ಬದಲಿಯವಳು. ಬದಲಿ ಅಂದರೇನು? ಬೆಳಗ್ಗೆ ಗೇಟಿನ ಹೊರಗೆ ನಿಲ್ಲಬೇಕು. ಖಾಯಂನವರಲ್ಲಿ ಯಾರಿಗಾದರೂ ಜ್ವರ ಬಂದರೆ, ಯಾರ ಮನೆಯಲ್ಲಾದರೂ ಮದುವೆಯಿದ್ದರೆ, ಅವರ ಮಗ್ಗ ಅವತ್ತಿಗೆ ಇವಳದು. ಎಲ್ಲರೂ ಗಟ್ಟಿಮುಟ್ಟಾಗಿ ಬಂದುಬಿಟ್ಟರೆ, ಬಂದ ದಾರಿಗೆ ಸುಂಕವಿಲ್ಲ ಅಂತ ಮನೆಗೆ ವಾಪಸ್ಸು. "ಇವತ್ತು ಕೆಲಸ ಇದೆಯೇನೇ?" ಅಂತ ಅತ್ತೆ ದಿನಾ ಬೆಳಗ್ಗೆ ಕೇಳುವಳು. ಬೀದಿಗೆಲ್ಲ ಕೇಳುವಂತೆ ಮಾತಾಡುವ ಸೊಸೆ ಆ ಪ್ರಶ್ನೆಯೊಂದಕ್ಕೆ ಮೂಕಿ.

ಹೀಗಿರುವಾಗ ಗಿರಣಿಗೆ ಭಾರಿ ಆರ್ಡರು ಬಂತು. ಬದಲಿಯವರಿಗೂ ದಿನಾ ಕೆಲಸ.

"ದಿನಾ ಬೇಕು ಅಂದಮೇಲೆ ಬದಲಿ ಅಂತ ಯಾಕೆ ಕರೀಬೇಕು? ಖಾಯಂ ಮಾಡ್ಲಿ!" ಅಂತ ಹೆಂಗಸರು ಗುಂಪುಗೂಡಿದರು. ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

"ಜೋರಮ್ಮನೇ ಹೋಗ್ಲಿ," ಅಂದಳು ಅವಳ ಗೆಳತಿ ಕುಳ್ಳಕ್ಕ. "ಮ್ಯಾನೇಜರು ಆಮೇಲೆ ಕೇಳಿಸ್ಲಿಲ್ಲ ಅನ್ನೋ ಹಾಗಿಲ್ಲ."

ಮ್ಯಾನೇಜರ ಕೋಣೆ ಮಗ್ಗಗಳ ಸಾಲಿನ ತುದಿಯಲ್ಲೇ ಇತ್ತು. ಅದಕ್ಕೆ ದಪ್ಪ ಗಾಜಿನ ಗೋಡೆ. ಕೂತಲ್ಲಿಂದಲೇ ಎಲ್ಲರ ಮೇಲೂ ಕಣ್ಣಿಡಲೆಂದು ಅವರೇ ಹಾಕಿಸಿದ್ದು. ಆಚೆಯ ಬಡಿತ ಒಳಗೆ ಬರೀ ಗುಂಯ್ ಅನ್ನುತ್ತಿತ್ತು.

ಜೋರಮ್ಮ ಬಂದು ವಿಷಯ ಹೇಳಿದ್ದೇ, "ಕೂತ್ಕೊಳ್ಳಮ್ಮಾ," ಅಂದರು ಮ್ಯಾನೇಜರು. ಆ ಕೋಣೆಯಲ್ಲಿ ಬದಲಿಯವಳಿಗೆ ಕುರ್ಚಿ ಸಿಕ್ಕಿದ್ದು ಅದೇ ಮೊದಲು. "ನೋಡು, ಎಲ್ಲರನ್ನೂ ಖಾಯಂ ಮಾಡೋದು ಆಗೋ ಮಾತಲ್ಲ. ನಿನ್ನ ವಿಷಯ ಬೇರೆ. ನಿನ್ನೊಬ್ಬಳನ್ನ ಮಾಡ್ತೀನಿ. ಉಳಿದವರಿಗೆ ನೀನೇ ಸಮಾಧಾನ ಹೇಳ್ಬಿಡು."

ಜೋರಮ್ಮ ಕುರ್ಚಿಯ ತುದಿಗೆ ಸರಿದಳು. ಅತ್ತೆಗೆ ಕೊಡಲಾಗದಿದ್ದ ಉತ್ತರ ತಾನಾಗಿ ಮಡಿಲಿಗೆ ಬಂದು ಬಿದ್ದಿತ್ತು.

"ಏನಂದ್ರಿ ಸರ್? ನಾನೊಬ್ಬಳು ಖಾಯಂ, ಅವರೆಲ್ಲ ಬದಲೀನೇ?"

"ಮೆಲ್ಲಗೆ, ಮೆಲ್ಲಗೆ! ನಮ್ಮಿಬ್ಬರಲ್ಲೇ ಇರ್ಲಿ."

ಬಾಯಿಯೇನೋ ಮೆಲ್ಲಗಾದೀತು. ಕೈ? ಅವಳಿಗೇ ಅರಿವಿಲ್ಲದೆ ಅದು ತನ್ನ ಮಾತು ಆಡಿ ಮುಗಿಸಿತ್ತು. ಎದೆಗೆ ಬೆರಳು, ಅಂಗೈಗೆ ಮುಷ್ಟಿ. ಗಾಜಿನಾಚೆಗೆ ಬೆರಳು, ಅಂಗೈ ಮಗುಚಿತು.

ಗುಂಯ್ ಅನ್ನುವ ಸದ್ದು ಇಳಿಯತೊಡಗಿತು. ತಿರುಗಿ ನೋಡಿದರೆ ಮಗ್ಗಗಳು ಒಂದರ ಹಿಂದೊಂದು ನಿಲ್ಲುತ್ತಿವೆ! ಬದಲಿಯವರಷ್ಟೇ ಅಲ್ಲ, ಜ್ವರದಲ್ಲಿ ಮಲಗಿದಾಗ ತಮ್ಮ ಮಗ್ಗ ನೋಡಿಕೊಂಡವರು ಯಾರೆಂದು ಮರೆಯದ ಖಾಯಂನವರೂ ಕೈಕಟ್ಟಿ ನಿಂತರು. ಎಲ್ಲರ ಕಣ್ಣೂ ಇವಳ ಮೇಲೆ. ಕುಳ್ಳಕ್ಕ ಇವಳತ್ತ ಬೆರಳು ತೋರಿ, ಅಂಗೈಗೆ ಮುಷ್ಟಿ ಒತ್ತಿ, ಹುಬ್ಬು ಹಾರಿಸಿದಳು. ಒಪ್ಪಿಕೊಂಡೆಯೇನೇ?

ಜೋರಮ್ಮ ಕುರ್ಚಿ ಬಿಟ್ಟೆದ್ದಳು. ಈ ಸಲ ಕೈ ತಾನಾಗಿ ಆಡಲಿಲ್ಲ, ಅವಳೇ ಆಡಿಸಿದಳು. ಆಚೆ ನಿಂತವರನ್ನೆಲ್ಲ ಬಾಚಿ ತಬ್ಬುವಂತೆ ತೋಳು ಅಗಲಿಸಿ, ಅಂಗೈಗೆ ಮುಷ್ಟಿ ಗುದ್ದಿದಳು. ಎಲ್ಲರೂ ಖಾಯಂ!

ಗಾಜಿನಾಚೆ ಮುಷ್ಟಿಗಳು ಅಂಗೈಗೆ ಬಿದ್ದವು. ಪಟ್, ಪಟ್, ಪಟ್! ಅಷ್ಟು ದಪ್ಪ ಗಾಜನ್ನೂ ದಾಟಿ ಕೇಳಿಸಿತು.

"ಏನಮ್ಮಾ ಇದು? ಅವರಿಗೇನು ಹೇಳಿದೆ ನೀನು?" ಮ್ಯಾನೇಜರು ಬೆವತುಹೋದರು.

"ನಾನೆಲ್ಲಿ ಬಾಯಿ ಬಿಟ್ಟೆ ಸರ್? ಗಾಜು ನೀವೇ ಹಾಕಿಸಿದ್ದು. ಆ ಕಡೆಯಿಂದ್ಲೂ ಕಾಣುತ್ತೆ."

ಮಾಲೀಕರಿಗೆ ಫೋನು ಹೋಯಿತು. ಮಾತಿನ ಹಿಂದೆ ಮಗ್ಗದ ಸದ್ದು ಕೇಳಿಸದೆ ಅವರು, "ಗಿರಣಿಯಿಂದ್ಲೇ ಮಾತಾಡ್ತಿದೀರೇನ್ರೀ?" ಅಂದರಂತೆ. ಆರ್ಡರಿನ ಗಡುವು ನೆತ್ತಿಯ ಮೇಲೆ ಕೂತಿತ್ತು. ಪಾಳಿ ಬಿಡುವ ಮುಂಚೆಯೇ ಗೇಟಿನ ಪಕ್ಕ ನೋಟೀಸು ಅಂಟಿತು: ಬದಲಿಯವರೆಲ್ಲರೂ ನಾಳೆಯಿಂದ ಖಾಯಂ.

ಮರುದಿನ ಬೆಳಗ್ಗೆ ಜೋರಮ್ಮ ಹೇರ್‌ಪಿನ್ನು ಕಚ್ಚಿಕೊಂಡು ತುರುಬು ಕಟ್ಟುತ್ತಿದ್ದಳು.

"ಇವತ್ತು ಕೆಲಸ ಇದೆಯೇನೇ?" ಅಂದಳು ಅತ್ತೆ.

ಸೊಸೆ ಅಂಗೈಗೆ ಮುಷ್ಟಿ ಒತ್ತಿದಳು.

"ಅಯ್ಯೋ, ಬಾಯಿ ಬಿಟ್ಟು ಹೇಳೇ ಮಾರಾಯ್ತಿ!"

ಜೋರಮ್ಮ ಪಿನ್ನು ತೆಗೆದಳು. "ಇದೆ ಅತ್ತೇ! ನಾಳೇನೂ ಇದೆ! ನಾಡಿದ್ದೂ ಇದೆ!"

ಮೂರನೇ ಮನೆಯ ಕಿಟಕಿ ತೆರೆಯಿತು. "ಹೌದಾ!"