ಚಿತ್ರದಲ್ಲಿ ಇಲ್ಲದ ಸದ್ದು

2003ರಲ್ಲಿ ನಾನು ಶಿವಮೊಗ್ಗದ ಒಂದು ದಿನಪತ್ರಿಕೆಯ ವರದಿಗಾರನಾಗಿದ್ದೆ. ಭದ್ರಾವತಿಯ ಕಾಗದನಗರದ ಆಚೆ ಒಂದು ಸಣ್ಣ ರಟ್ಟಿನ ಕಾರ್ಖಾನೆಯಲ್ಲಿ ಕಂಪ್ಯೂಟರ್ ನಿಯಂತ್ರಣದ ಪರೀಕ್ಷೆ ಇದೆಯೆಂದು ತಿಳಿದು ಹೋದೆ.

ಅದನ್ನು ರೂಪಿಸಿದವರು ಶಿವಮೊಗ್ಗದ ಎಂಜಿನಿಯರ್ ವಸಂತಿ. ಮೊದಲೆಲ್ಲ ಪ್ರೋಗ್ರಾಂನ ಪ್ರತಿ ಸಾಲನ್ನೂ ಅವರೇ ಬರೆಯುತ್ತಿದ್ದರಂತೆ. ಈಗ ಕೆಲಸದ ಹಂತಗಳನ್ನು ಚೌಕ, ಬಾಣಗಳ ಚಿತ್ರವಾಗಿ ಬಿಡಿಸಿಕೊಟ್ಟರೆ ಪ್ರೋಗ್ರಾಂ ತಾನೇ ತಯಾರಾಗುತ್ತದೆ ಎಂದು ವಿವರಿಸಿದರು.

"ಚಿತ್ರ ಸರಿ ಇದ್ರೆ ಪ್ರೋಗ್ರಾಂ ತಪ್ಪೋದೇ ಇಲ್ಲ ಸಾರ್."

"ಹಂಗಾದ್ರೆ ನಂದೂ ಒಂದು ಚಿತ್ರ ಬಿಡ್ಸಿ ಮೇಡಂ, ನಾನು ಮನೇಲಿ ಮಲಗ್ತೀನಿ" ಎಂದರು ಸೂಪರ್‌ವೈಸರ್ ನಾಗರಾಜ್.

ಹಳೆ ಕಾಗದ ಬೇಯಿಸುವ ದೊಡ್ಡ ಟ್ಯಾಂಕು ಅಂದು ಖಾಲಿ ಇತ್ತು. ವಸಂತಿ ಗುಂಡಿ ಒತ್ತಿದರು. ಇನ್ನು ಸ್ವಲ್ಪ ಹೊತ್ತಿಗೆ ಹಬೆಯ ವಾಲ್ವ್ ತಾನಾಗಿ ತೆರೆಯಬೇಕು. ನಾಗರಾಜ್ ಅಭ್ಯಾಸಬಲದಿಂದ ಸ್ಪ್ಯಾನರ್ ಎತ್ತಿ ಪೈಪಿಗೆ ಬಡಿದರು. ಟ್ಯಾಂಕಿನ ಒಳಗಿನಿಂದ ಟಕ್ ಟಕ್ ಎಂದು ಉತ್ತರ ಬಂತು.

"ಅಯ್ಯೋ, ಸೆಲ್ವಂ ಒಳಗಿದಾನೆ! ನಿಲ್ಸಿ ಮೇಡಂ!"

ತಳದ ಕೆಸರು ಕೆರೆಯಲು ಇಳಿದಿದ್ದ ಕೆಲಸಗಾರ ಸೆಲ್ವಂ ಯಾರಿಗೂ ಹೇಳಿರಲಿಲ್ಲ. ಅಲ್ಲಿ ಹೇಳುವ ಪದ್ಧತಿಯೇ ಇರಲಿಲ್ಲ. ಹಬೆ ಬಿಡುವ ಮೊದಲು ಹೊರಗಿನವರು ಪೈಪು ಬಡಿಯಬೇಕು, ಒಳಗಿದ್ದವರು ತಿರುಗಿ ಬಡಿಯಬೇಕು. ಇದನ್ನು ವಸಂತಿಗೆ ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ವಸಂತಿ ನಿಲ್ಲಿಸುವ ಗುಂಡಿಯನ್ನು ಮತ್ತೆ ಮತ್ತೆ ಒತ್ತಿದರು. "ತಗೊಳ್ತಾ ಇಲ್ಲ... ಈ ಹಂತ ಮುಗಿಯೋವರೆಗೂ ನಿಲ್ಲಲ್ಲ. ನಾನೇ ಬರ್ದಿದ್ರೆ ಎಲ್ಲಿ ತಡೀಬೇಕು ಅಂತ ಗೊತ್ತಿರ್ತಿತ್ತು."

"ಕರೆಂಟ್ ತೆಗೀಲಾ?" ಎಂದೆ.

"ಬೇಡ! ಕರೆಂಟ್ ಹೋದ್ರೆ ವಾಲ್ವ್ ಮುಚ್ಚುತ್ತೋ, ತೆರೆಯುತ್ತೋ ನಂಗೊತ್ತಿಲ್ಲ!"

ನಾಗರಾಜ್ ಆಗಲೇ ಓಡಿದ್ದರು. ಹಬೆಯ ಮುಖ್ಯ ಪೈಪನ್ನು ಕೈಯಿಂದ ಮುಚ್ಚುವ ಹಳೆಯ ಚಕ್ರವೊಂದಿತ್ತು. ಅದು ತುಕ್ಕು ಹಿಡಿದು ಬಿಗಿದುಕೊಂಡಿತ್ತು.

"ನೋಡ್ತಾ ನಿಂತ್ರಲ್ಲ ಮಾರಾಯ್ರೆ, ಹಿಡೀರಿ!"

ಹಿಡಿದೆ. ಕಬ್ಬಿಣ ಸುಡುತ್ತಿತ್ತು. ಒಳಗೆ ಹಬೆ ಗುರುಗುಟ್ಟುವುದು ಅಂಗೈಗೆ ತಿಳಿಯುತ್ತಿತ್ತು. ಚಕ್ರ ಕದಲಿತು, ನಿಂತಿತು, ಮತ್ತೆ ಕದಲಿತು. ಅದು ಪೂರ್ತಿ ಬಿಗಿಯಿತು ಎನ್ನುವಾಗಲೇ ಆಚೆ ವಾಲ್ವ್ ಕಟಕ್ಕೆಂದು ತೆರೆದುಕೊಂಡಿತು; ಒಳಗೆ ಹಬೆ ನುಗ್ಗಿತೋ ಇಲ್ಲವೋ ತಿಳಿಯಲಿಲ್ಲ.

ನಾಗರಾಜ್ ಪೈಪು ಬಡಿದರು. ಉತ್ತರ ಬರಲಿಲ್ಲ. ಮತ್ತೆ ಬಡಿದರು. ಇಲ್ಲ.

ಆಗ ಟ್ಯಾಂಕಿನ ಮೇಲಿನ ಬಾಯಿಯಿಂದ ಕೆಸರು ಮೆತ್ತಿದ ತಲೆಯೊಂದು ಹೊರಬಂತು. "ಎನ್ನ ಸಾರ್, ಎಷ್ಟು ಸಲ ಬಡೀತೀರಾ? ಒಳಗಿದೀನಿ ಅಂತ ಹೇಳ್ದೆ ಅಲ್ವಾ?" ಎಂದ ಸೆಲ್ವಂ, ತನ್ನ ತಮಿಳು ಬೆರೆತ ಕನ್ನಡದಲ್ಲಿ.

ವಸಂತಿ ತಮ್ಮ ಚಿತ್ರದ ಹಾಳೆಯನ್ನು ನೆಲದ ಮೇಲೇ ಹರಡಿದರು. ಪೆನ್ನು ತೆಗೆದು ನಾಗರಾಜರನ್ನು ಕೇಳಿದರು: "ಇಲ್ಲಿ ಇನ್ನೇನೇನು ಮಾಡ್ತೀರಿ? ಎಲ್ಲಾ ಹೇಳಿ."

ಹೊಸ ವಿಧಾನ ಕೆಟ್ಟದ್ದೆಂದು ನಾನು ಹೇಳಲಾರೆ. ಆ ಚಿತ್ರಕ್ಕೆ 'ಒಳಗಿನ ಉತ್ತರ' ಎಂಬ ಚೌಕ ಸೇರಿದ್ದನ್ನು ಮುಂದೆ ನಾನೇ ನೋಡಿದೆ. ಆದರೂ ಇಂದಿಗೂ ಯಾವುದಾದರೂ ಬಾಗಿಲು ತಟ್ಟಿದಾಗ ಒಳಗಿನಿಂದ ದನಿ ಬರುವುದು ಸ್ವಲ್ಪ ತಡವಾದರೆ, ನನ್ನ ಅಂಗೈ ಸುಡತೊಡಗುತ್ತದೆ.